ಸಾಮೂಹಿಕ ಅಡುಗೆಯ ಯಂತ್ರ ಮತ್ತು ಮಧ್ಯಾಹ್ನದ ಗಂಟೆ

ಗದಗ ತಾಲೂಕಿನ ಕಣಗಿನಹಾಳ ಗ್ರಾಮದ ಹೆಸರು ಸಹಕಾರ ಚಳುವಳಿಯ ಇತಿಹಾಸದಲ್ಲಿ ಶಾಶ್ವತವಾಗಿ ನಿಂತಿದೆ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಭಾರತದ ಮೊತ್ತಮೊದಲ ಕೃಷಿ ಸಹಕಾರಿ ಪತ್ತಿನ ಸಂಘವು ಸ್ಥಾಪನೆಯಾದದ್ದು ಈ ಗ್ರಾಮದಲ್ಲಿಯೇ. ಒಬ್ಬನಿಂದಾಗದ ಕಾರ್ಯ ಹತ್ತು ಜನರಿಂದ ಆಗಬಲ್ಲುದೆಂಬ ತತ್ತ್ವವನ್ನು ಆ ಸಂಘವು ನಾಡಿಗೆ ತೋರಿಸಿಕೊಟ್ಟಿತು. ಇಂದು ಇದೇ ಊರಿನ ಶಾಲೆಯಲ್ಲಿ, ನಾಡಿನ ಸಾವಿರಾರು ಶಾಲೆಗಳಲ್ಲಿರುವಂತೆ, ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕುಳಿತುಕೊಳ್ಳುತ್ತಾರೆ. ಬಿಸಿ ಅನ್ನ, ಸಾರು ತಟ್ಟೆಗೆ ಬೀಳುತ್ತದೆ. ನೋಡುವವರಿಗೆ ಇದು ಸಹಜವಾದ ದೃಶ್ಯ. ಆದರೆ ಈ ಒಂದು ತುತ್ತಿನ ಹಿಂದೆ ಭೌತಶಾಸ್ತ್ರ, ಯಂತ್ರಶಾಸ್ತ್ರ, ಆಡಳಿತ, ಎಲ್ಲಕ್ಕಿಂತ ಮಿಗಿಲಾಗಿ ಕಾಲದ ಲೆಕ್ಕ ಅಡಗಿದೆ. ಅನೇಕರಿಗೆ ಒಂದೇ ವೇಳೆಗೆ ಉಣಬಡಿಸುವ ಯಂತ್ರವ್ಯವಸ್ಥೆಯನ್ನು ಗೊತ್ತಾದ ದಿನಾಂಕದೊಳಗೆ ಸಿದ್ಧಪಡಿಸುವುದು ಹೇಗೆ, ಅದರಲ್ಲಿ ಎದುರಾಗುವ ತೊಡಕುಗಳಾವುವು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ನ್ಯಾಯಾಲಯ ವಿಧಿಸಿದ ಕಾಲಮಿತಿ

1995ರ ಆಗಸ್ಟ್ 15ರಂದು ಕೇಂದ್ರ ಸರಕಾರವು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪೌಷ್ಟಿಕ ಆಹಾರ ನೀಡುವ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ಅನೇಕ ರಾಜ್ಯಗಳಲ್ಲಿ ಅದು ಬೇಯಿಸಿದ ಊಟವಾಗಿರಲಿಲ್ಲ. ತಿಂಗಳಿಗೆ 3 ಕಿಲೋ ಧಾನ್ಯವನ್ನು ಮಗುವಿನ ಹೆಸರಿನಲ್ಲಿ ಮನೆಗೆ ಕೊಡುವ ಕ್ರಮವಾಗಿತ್ತು. ಮನೆಗೆ ಹೋದ ಧಾನ್ಯ ಮನೆಮಂದಿಯಲ್ಲೆಲ್ಲ ಹಂಚಿಹೋಗುತ್ತಿತ್ತು. ಶಾಲೆಯಲ್ಲಿ ಕುಳಿತ ಮಗುವಿನ ಮಧ್ಯಾಹ್ನದ ಹಸಿವು ಹಾಗೆಯೇ ಉಳಿಯುತ್ತಿತ್ತು.

2001ರ ನವೆಂಬರ್ 28ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಮಹತ್ವದ ಆದೇಶವನ್ನಿತ್ತಿತು. ಸರಕಾರಿ ಹಾಗೂ ಸರಕಾರದ ನೆರವು ಪಡೆದ ಪ್ರತಿಯೊಂದು ಪ್ರಾಥಮಿಕ ಶಾಲೆಯಲ್ಲಿ ಪ್ರತಿ ಮಗುವಿಗೆ ಕನಿಷ್ಠ 300 ಕ್ಯಾಲರಿ ಶಕ್ತಿಯೂ 8ರಿಂದ 12 ಗ್ರಾಂ ಸಸಾರಜನಕವೂ ಉಳ್ಳ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು. ಧಾನ್ಯ ಹಂಚುತ್ತಿದ್ದ ರಾಜ್ಯಗಳು ಮೂರು ತಿಂಗಳೊಳಗೆ ಅರ್ಧದಷ್ಟು ಜಿಲ್ಲೆಗಳಲ್ಲಿ, ಮತ್ತೆ ಮೂರು ತಿಂಗಳೊಳಗೆ ಉಳಿದೆಲ್ಲ ಜಿಲ್ಲೆಗಳಲ್ಲಿ ಇದನ್ನು ಜಾರಿಗೆ ತರಬೇಕು ಎಂಬುದು ಆ ಆದೇಶದ ಸಾರ.

ಆರು ತಿಂಗಳ ಅವಧಿ! ಒಂದು ರಾಜ್ಯದ ಲಕ್ಷಾಂತರ ಮಕ್ಕಳಿಗೆ ಆರು ತಿಂಗಳಲ್ಲಿ ಅಡುಗೆಯ ವ್ಯವಸ್ಥೆ ಮಾಡುವುದೆಂದರೆ ಸಾಮಾನ್ಯವಾದ ಮಾತಲ್ಲ. ಕರ್ನಾಟಕದಲ್ಲಿ 2002ರ ಜೂನ್ ತಿಂಗಳಲ್ಲಿ ಬೀದರ, ರಾಯಚೂರು, ಕೊಪ್ಪಳ ಮೊದಲಾದ 7 ಜಿಲ್ಲೆಗಳಲ್ಲಿ ಯೋಜನೆ ಆರಂಭವಾಯಿತು. ಗದಗವೂ ಸೇರಿ ಉಳಿದ 20 ಜಿಲ್ಲೆಗಳಿಗೆ ಅದು ಬಂದದ್ದು 2003ರಲ್ಲಿ. ಎಂದರೆ ವಿಧಿಸಿದ ಅವಧಿಯಲ್ಲಿ ಕಾರ್ಯ ಪೂರ್ಣವಾಗಲಿಲ್ಲ. ಗದಗಿನ ಮಕ್ಕಳು ಇನ್ನೂ ಒಂದು ವರ್ಷ ಕಾಯಬೇಕಾಯಿತು. ಈ ಯೋಜನೆಗೆ ರಾಜ್ಯವು ಇಟ್ಟ ಹೆಸರು ‘ಅಕ್ಷರ ದಾಸೋಹ’. ಶರಣರು ಬಾಳಿ ತೋರಿದ ದಾಸೋಹವೆಂಬ ಶಬ್ದವು ಹೀಗೆ ಸರಕಾರದ ಕಾಗದಪತ್ರಗಳನ್ನೂ ಪ್ರವೇಶಿಸಿತು.

ಪಾತ್ರೆ ದೊಡ್ಡದಾದರೆ ಸಾಲದೇ?

ಅನೇಕರಿಗೆ ಅಡುಗೆ ಮಾಡಬೇಕಾದರೆ ದೊಡ್ಡ ಪಾತ್ರೆಯನ್ನಿಟ್ಟರಾಯಿತು ಎಂದು ಮೊದಲು ತೋರುತ್ತದೆ. ಈ ಅಭಿಪ್ರಾಯ ಎಷ್ಟು ಸರಿಯೆಂಬುದನ್ನು ಗಣಿತದಿಂದ ಪರೀಕ್ಷಿಸಬಹುದು.

ಎಂಟು ಜನರಿಗೆ ಸಾಲುವಷ್ಟು ಅನ್ನ ಬೇಯುವ ಒಂದು ಮನೆಯ ಪಾತ್ರೆಯಿದೆಯೆನ್ನೋಣ. ಅದರ ಉದ್ದ, ಅಗಲ, ಎತ್ತರಗಳನ್ನು ಐದು ಪಟ್ಟು ಹೆಚ್ಚಿಸಿದರೆ ಘನಫಲವು 5×5×5, ಅಂದರೆ 125 ಪಟ್ಟು ಆಗುತ್ತದೆ. 8ನ್ನು 125ರಿಂದ ಗುಣಿಸಿದರೆ 1,000. ಸಾವಿರ ಜನರ ಅನ್ನ ಆ ಪಾತ್ರೆಯಲ್ಲಿ ಹಿಡಿಯುತ್ತದೆ. ಆದರೆ ಬೆಂಕಿಯ ಕಾವು ಒಳಗೆ ಹೋಗುವುದು ಪಾತ್ರೆಯ ತಳ ಮತ್ತು ಪಕ್ಕಗಳ ಮೂಲಕ. ಆ ಮೇಲ್ಮೈ ಹೆಚ್ಚಿದ್ದು 5×5, ಅಂದರೆ 25 ಪಟ್ಟು ಮಾತ್ರ. ಆದ್ದರಿಂದ ಪ್ರತಿಯೊಂದು ಸೇರು ಅಕ್ಕಿಯ ಪಾಲಿಗೆ ಸಿಗುವ ಕಾಯುವ ಮೇಲ್ಮೈ ಐದರಲ್ಲೊಂದು ಅಂಶಕ್ಕೆ ಇಳಿಯಿತು. ಅದನ್ನು ಸರಿದೂಗಿಸಲು ಬೆಂಕಿ ಹೆಚ್ಚಿಸಿದರೆ ತಳದ ಅನ್ನ ಸೀದುಹೋಗುತ್ತದೆ. ನಡುವಿನ ಅಕ್ಕಿ ಹಸಿಯಾಗಿಯೇ ಉಳಿಯುತ್ತದೆ. ಮೇಲಿನ ಭಾರಕ್ಕೆ ಕೆಳಗಿನ ಅಗುಳು ಜಜ್ಜಿ ಮುದ್ದೆಯಾಗುತ್ತದೆ. ಜಾತ್ರೆಯ ಅಡುಗೆಯಲ್ಲಿ ನುರಿತ ಬಾಣಸಿಗರು ಒಂದೇ ಮಹಾಪಾತ್ರೆಯ ಬದಲು ಅನೇಕ ಒಲೆಗಳನ್ನು ಹೂಡುವುದರ ಮರ್ಮವೂ ಇದೇ ಆಗಿದೆ.

ಹಾಗಾದರೆ ಕಾವನ್ನು ಪಾತ್ರೆಯ ಹೊರಗಿನಿಂದ ಕೊಡುವ ಬದಲು ಒಳಗೇ ಕೊಡಲಾಗದೇ? ಇಲ್ಲಿಯೇ ಉಗಿಯ ಉಪಯೋಗ. 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಕಿಲೋ ನೀರು ಒಂದು ಡಿಗ್ರಿ ತಣ್ಣಗಾದರೆ ಕೊಡುವ ಉಷ್ಣ ಕೇವಲ 1 ಕಿಲೋಕ್ಯಾಲರಿ. ಅದೇ ಉಷ್ಣತೆಯ ಒಂದು ಕಿಲೋ ಉಗಿ ನೀರಾಗಿ ಪರಿವರ್ತನೆ ಹೊಂದುವಾಗ ಸುಮಾರು 540 ಕಿಲೋಕ್ಯಾಲರಿ ಉಷ್ಣವನ್ನು ಬಿಟ್ಟುಕೊಡುತ್ತದೆ. ಇದನ್ನೇ ಗುಪ್ತೋಷ್ಣವೆನ್ನುತ್ತಾರೆ. ಉಗಿಯು ಎಲ್ಲಿ ತಣುಪಿದೆಯೋ ಅಲ್ಲಿಯೇ ನೀರಾಗಿ ಕಾವು ಬಿಡುವುದರಿಂದ ಅನ್ನ ಸಮನಾಗಿ ಬೇಯುತ್ತದೆ. ಮತ್ತು ಅದರ ಕಾವು ಬೆಂಕಿಯ ಉರಿಯಷ್ಟು ಏರದಿರುವುದರಿಂದ ತಳ ಹಿಡಿಯುವ ಭಯವೂ ಕಡಿಮೆ.

ಒಂದು ಲೆಕ್ಕವನ್ನು ಮಾಡಿ ನೋಡಬಹುದು. 1ರಿಂದ 5ನೆಯ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯವೆಂಬುದು ಯೋಜನೆಯ ಪ್ರಮಾಣ. ಸಾವಿರ ಮಕ್ಕಳಿಗೆ 100 ಕಿಲೋ ಅಕ್ಕಿ. ಅದಕ್ಕೆ 200 ಲೀಟರು ನೀರೆನ್ನೋಣ. ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 200×70, ಅಂದರೆ 14,000 ಕಿಲೋಕ್ಯಾಲರಿ ಬೇಕು. ಅಕ್ಕಿಯ ವಿಶಿಷ್ಟೋಷ್ಣವನ್ನು 0.4 ಎಂದು ಹಿಡಿದರೆ 100×0.4×70, ಅಂದರೆ 2,800. ಒಟ್ಟು 16,800 ಕಿಲೋಕ್ಯಾಲರಿ. ಇದನ್ನು 540ರಿಂದ ಭಾಗಿಸಿದರೆ ಸುಮಾರು 31 ಕಿಲೋ. ನಷ್ಟವನ್ನು ಲೆಕ್ಕಿಸದಿದ್ದರೆ, 31 ಕಿಲೋ ಉಗಿಯಿಂದ ಸಾವಿರ ಮಕ್ಕಳ ಎಸರು ಕುದಿಯುತ್ತದೆ.

ಅಡುಗೆಮನೆಯೇ ಒಂದು ಯಂತ್ರ

ಹುಬ್ಬಳ್ಳಿ-ಧಾರವಾಡದ ನಡುವಣ ರಾಯಾಪುರದಲ್ಲಿರುವ ಅಕ್ಷಯ ಪಾತ್ರ ಸಂಸ್ಥೆಯ ಪಾಕಶಾಲೆಯು ಈ ತತ್ತ್ವದ ಮೇಲೆ ನಿಂತ ವ್ಯವಸ್ಥೆಗೆ ಈ ಪ್ರಾಂತದಲ್ಲಿ ದೊರೆಯುವ ದೊಡ್ಡ ನಿದರ್ಶನ. ಇಲ್ಲಿ ಯಂತ್ರವೆಂದರೆ ಒಂದು ಪಾತ್ರೆಯಲ್ಲ, ಕಟ್ಟಡವೇ ಯಂತ್ರ. ಧಾನ್ಯ, ಕಾಯಿಪಲ್ಲೆಗಳನ್ನು ಮೇಲಿನ ಅಂತಸ್ತಿಗೆ ಏರಿಸಿ ಅಲ್ಲಿ ಸ್ವಚ್ಛಗೊಳಿಸಿ ತೊಳೆಯುತ್ತಾರೆ. ಅಲ್ಲಿಂದ ಇಳಿಜಾರು ಕೊಳವೆಗಳ ಮೂಲಕ ಅವು ನಡುವಣ ಅಂತಸ್ತಿನ ಉಗಿಯ ಕೊಪ್ಪರಿಗೆಗಳಿಗೆ ಇಳಿಯುತ್ತವೆ. ಬೆಂದ ಅನ್ನ ಸಾರುಗಳು ಮತ್ತೆ ಕೆಳಗಿಳಿದು ನೆಲದಂತಸ್ತಿನಲ್ಲಿ ಮುಚ್ಚಳದ ಡಬ್ಬಿಗಳನ್ನು ಸೇರಿ ವಾಹನವೇರುತ್ತವೆ. ಭಾರ ಹೊರುವ ಕೆಲಸವನ್ನು ಒಂದು ಸಲ ಮೇಲಕ್ಕೇರಿಸುವಾಗ ಮಾಡಿದರೆ ಸಾಕು. ಉಳಿದ ಸಾಗಾಟವನ್ನು ಭೂಮಿಯ ಗುರುತ್ವಾಕರ್ಷಣೆಯೇ ಮಾಡುತ್ತದೆ. ಕೈ ತಾಗುವ ಸಂದರ್ಭ ಕಡಿಮೆಯಾದಷ್ಟು ಶುಚಿತ್ವವೂ ಹೆಚ್ಚುತ್ತದೆ.

ಇಂಥ ಯಂತ್ರವನ್ನು ರೂಪಿಸುವವನು ಮೊಟ್ಟಮೊದಲು ಮಾಡಬೇಕಾದದ್ದು ಗಂಟೆಯಿಂದ ಹಿಂದಕ್ಕೆ ಎಣಿಸುವ ಲೆಕ್ಕ. ಉದಾಹರಣೆಗಾಗಿ ಒಂದು ಪಾಕಶಾಲೆಯು ಒಂದು ಲಕ್ಷ ಮಕ್ಕಳಿಗೆ ಅನ್ನ ಮಾಡಬೇಕೆಂದು ಭಾವಿಸೋಣ. ತಲಾ 100 ಗ್ರಾಂನಂತೆ 10,000 ಕಿಲೋ ಅಕ್ಕಿ. ಒಂದು ಕೊಪ್ಪರಿಗೆಯಲ್ಲಿ ಒಂದು ಸಲಕ್ಕೆ 100 ಕಿಲೋ ಬೇಯಿಸಿದರೆ 100 ಸರದಿಗಳು. ತುಂಬುವುದು, ಬೇಯಿಸುವುದು, ಬರಿದು ಮಾಡುವುದು ಎಲ್ಲ ಸೇರಿ ಒಂದು ಸರದಿಗೆ ಅರ್ಧ ತಾಸು ಹಿಡಿದರೆ, 10 ಕೊಪ್ಪರಿಗೆಗಳಿಂದ ತಾಸಿಗೆ 20 ಸರದಿ. ಒಟ್ಟು 5 ತಾಸು. ವಾಹನ ಬೆಳಗಿನ 9 ಗಂಟೆಗೆ ಹೊರಡಬೇಕಾದರೆ ನಸುಕಿನ 4 ಗಂಟೆಗೇ ಉಗಿ ಸಿದ್ಧವಿರಬೇಕು. ಈಗ ಎರಡು ಕೊಪ್ಪರಿಗೆಗಳು ಕೆಟ್ಟುನಿಂತವೆನ್ನೋಣ. ತಾಸಿಗೆ 16 ಸರದಿ. ಹಿಡಿಯುವ ವೇಳೆ 6 ತಾಸು 15 ನಿಮಿಷ. ಕೊನೆಯ ಊರಿನ ಶಾಲೆಗೆ ಊಟವು ಒಂದೂಕಾಲು ತಾಸು ತಡವಾಗಿ ತಲುಪುತ್ತದೆ. ಸಕ್ಕರೆ ಕಾರ್ಖಾನೆಯ ಯಂತ್ರ ಕೆಟ್ಟರೆ ಕಬ್ಬು ನಾಳೆಯವರೆಗೆ ಕಾಯಬಹುದು. ಏಳು ವರ್ಷದ ಮಗುವಿನ ಹಸಿವು ಕಾಯಲಾರದು. ಆದ್ದರಿಂದ ಸಾಮೂಹಿಕ ಅಡುಗೆಯ ಯಂತ್ರದಲ್ಲಿ ಹೆಚ್ಚುವರಿ ಕೊಪ್ಪರಿಗೆಯೆಂಬುದು ಆಡಂಬರವಲ್ಲ, ಅವಶ್ಯಕತೆ.

ಕಾಲಮಿತಿ ಇನ್ನೊಂದಿದೆ, ಅದನ್ನು ವಿಧಿಸುವುದು ನ್ಯಾಯಾಲಯವಲ್ಲ, ಅನ್ನವೇ. ಬೆಂದ ಅನ್ನವು 60 ಡಿಗ್ರಿಗಿಂತ ಕೆಳಗಿಳಿದು ಬಹಳ ಹೊತ್ತು ಉಳಿದರೆ ಅದರಲ್ಲಿ ರೋಗಕಾರಕ ಸೂಕ್ಷ್ಮಜೀವಿಗಳು ಬೆಳೆಯತೊಡಗುತ್ತವೆ. ಕುದಿಯುವ ಕಾವನ್ನೂ ತಾಳಿಕೊಳ್ಳುವ ಕೆಲವು ಜೀವಾಣುಗಳ ಬೀಜಕಗಳು ಅಕ್ಕಿಯಲ್ಲಿರುವುದುಂಟು. ಆದುದರಿಂದ ಅಡುಗೆ ಎಷ್ಟು ಬೇಗ ಮುಗಿಯಿತು ಎಂಬುದರಷ್ಟೇ, ಮುಗಿದ ಅಡುಗೆ ಎಷ್ಟು ಬಿಸಿಯಾಗಿ ತಟ್ಟೆ ತಲುಪಿತು ಎಂಬುದೂ ಮುಖ್ಯ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರು. ನಗರದ ಒತ್ತಾದ ಶಾಲೆಗಳಿಗೆ ಒಪ್ಪುವ ಮಹಾಯಂತ್ರವು ಹಳ್ಳಿಹಳ್ಳಿಗೆ ಒಪ್ಪಲಾರದು. ಗ್ರಾಮಗಳ ಶಾಲೆಗಳಲ್ಲಿ ಅಲ್ಲಿಯೇ ಅಡುಗೆಕೋಣೆ ಕಟ್ಟಿ, ಊರಿನ ಮಹಿಳೆಯರನ್ನೇ ಅಡುಗೆಯವರನ್ನಾಗಿ ನೇಮಿಸಿದ್ದು ಈ ಕಾರಣದಿಂದಲೂ ಯುಕ್ತವಾದ ಕ್ರಮವೇ.

ಅವಸರದ ಬೆಲೆ

ದಿನಾಂಕ ಹತ್ತಿರವಾದಂತೆ ಮನುಷ್ಯನು ಮೊದಲು ಕೈಬಿಡುವುದು ಪರೀಕ್ಷೆಯನ್ನು. ಯಂತ್ರ ತಿರುಗುತ್ತಿದೆ, ಬಣ್ಣ ಹಚ್ಚಿದೆ, ಉದ್ಘಾಟನೆಯ ಪತ್ರಿಕೆ ಅಚ್ಚಾಗಿದೆ. ಇನ್ನು ಪರೀಕ್ಷೆಯೇಕೆ ಎಂಬ ಮನೋಭಾವ ಬರುತ್ತದೆ. ಆದರೆ ಉಗಿಯು ಅಪಾರ ಶಕ್ತಿಯನ್ನು ಬಂಧಿಸಿಟ್ಟಿರುವ ವಸ್ತು. 1923ರ ಬಾಯ್ಲರ್ ಕಾಯಿದೆಯ ಕಾಲದಿಂದಲೂ ಈ ದೇಶದಲ್ಲಿ ಬಾಯ್ಲರುಗಳಿಗೆ ಸರಕಾರದ ತಪಾಸಣೆಯನ್ನು ಕಡ್ಡಾಯಗೊಳಿಸಿರುವುದು ಸುಮ್ಮನೆ ಅಲ್ಲ. ಬಾಯ್ಲರಿಗೆ ಉಗಿ ತುಂಬುವ ಮೊದಲು ತಣ್ಣೀರನ್ನು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ನೀರು ಉಗಿಯಂತೆ ಹಿಗ್ಗುವುದಿಲ್ಲವಾದ್ದರಿಂದ, ದೋಷವಿದ್ದರೆ ಬಿರುಕಿನಿಂದ ನೀರು ಸೋರುವುದೇ ಹೊರತು ಸ್ಫೋಟವಾಗುವುದಿಲ್ಲ. ದೋಷವು ನಿರುಪದ್ರವಿಯಾಗಿ ಹೊರಬೀಳುವಂತೆ ಮಾಡುವುದೇ ಒಳ್ಳೆಯ ಪರೀಕ್ಷೆಯ ಲಕ್ಷಣ.

ಶಾಲೆಯ ಅಡುಗೆಯ ಇತಿಹಾಸದಲ್ಲಿ ಜುಲೈ 16 ಎಂಬ ದಿನಾಂಕವು ಎರಡು ಸಲ ಕರಾಳವಾಗಿ ಬಂದಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಅಡುಗೆಕೋಣೆಯಿಂದ ಎದ್ದ ಬೆಂಕಿ ಗರಿಯ ಮಾಡಿಗೆ ತಗುಲಿ 94 ಮಕ್ಕಳು ಅಸುನೀಗಿದರು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರಲ್ಲಿ ಕೀಟನಾಶಕ ಬೆರೆತ ಮಧ್ಯಾಹ್ನದ ಊಟವುಂಡು 23 ಮಕ್ಕಳು ಮರಣ ಹೊಂದಿದರು. ಈ ಎರಡೂ ಕಡೆ ಕಟ್ಟಕಡೆಗೆ ಕೊರತೆಯಾದದ್ದು ದೊಡ್ಡ ಯಂತ್ರವಲ್ಲ. ಒಲೆಗೂ ತರಗತಿಗೂ ನಡುವೆ ಸುರಕ್ಷಿತವಾದ ಅಂತರ, ಬೆಂಕಿ ಹಿಡಿಯದ ಮಾಡು, ವಿಷವಸ್ತುವನ್ನು ಅಡುಗೆಯ ಸಾಮಾನಿನಿಂದ ದೂರವಿಡುವ ಶಿಸ್ತು, ಮಕ್ಕಳಿಗೆ ಬಡಿಸುವ ಮೊದಲು ಹಿರಿಯರು ಉಂಡು ನೋಡುವ ನಿಯಮ - ಇಷ್ಟೇ ಬೇಕಾಗಿದ್ದವು. ಇವುಗಳಿಗೆ ಹಣ ಹೆಚ್ಚು ಬೇಡ, ವೇಳೆ ಬೇಕು, ಲಕ್ಷ್ಯ ಬೇಕು. ಕಾಲಮಿತಿಯ ನೆಪದಲ್ಲಿ ಬಿಡಬಾರದ ಅಂಶಗಳೆಂದರೆ ಇವೇ.

ಜೋಳದ ರೊಟ್ಟಿ ಕಲಿಸುವ ಪಾಠ

ಇಲ್ಲಿ ಗದಗ ಸೀಮೆಯ ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಈ ನೆಲದ ಮುಖ್ಯ ಆಹಾರ ಜೋಳದ ರೊಟ್ಟಿ. ಅದನ್ನು ಬಿಟ್ಟು ಶಾಲೆಯಲ್ಲಿ ಅನ್ನವನ್ನೇಕೆ ಬಡಿಸುತ್ತಾರೆ? ಸರಕಾರ ಒದಗಿಸುವ ಧಾನ್ಯ ಯಾವುದೆಂಬುದು ಒಂದು ಕಾರಣ. ಯಂತ್ರಶಾಸ್ತ್ರದ ಕಾರಣ ಇನ್ನೊಂದು.

ಗೋದಿಯ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಸಸಾರಜನಕವಿದೆ. ನೀರು ಹಾಕಿ ನಾದಿದಾಗ ಅದು ಜಾಲದಂತೆ ಹಬ್ಬಿ ಹಿಟ್ಟನ್ನು ಹಿಡಿದಿಡುತ್ತದೆ. ಆದುದರಿಂದ ಕಣಕವನ್ನು ಉರುಳೆಗಳ ನಡುವೆ ಎಳೆದು ಹಾಳೆ ಮಾಡಿ ದುಂಡಗೆ ಕತ್ತರಿಸಬಹುದು. ದೊಡ್ಡ ಪಾಕಶಾಲೆಗಳ ಚಪಾತಿ ಯಂತ್ರಗಳು ತಾಸಿಗೆ ಸಾವಿರಾರು ಚಪಾತಿಗಳನ್ನು ಬೇಯಿಸುವುದು ಇದರಿಂದಲೇ ಸಾಧ್ಯವಾಗಿದೆ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಚಪಾತಿ, ದೋಸೆ, ಇಡ್ಲಿಗಳಿಗೆ ಯಂತ್ರಗಳನ್ನು ರೂಪಿಸಿದೆ. ಆ ಕೆಲಸದಲ್ಲಿ ಮೊದಲು ಅಳೆಯಬೇಕಾದದ್ದು ಯಂತ್ರವನ್ನಲ್ಲ, ಹಿಟ್ಟನ್ನು: ಅದು ಎಷ್ಟು ಹರಿಯುತ್ತದೆ, ಎಷ್ಟು ಅಂಟುತ್ತದೆ, ಎಷ್ಟು ಹೊತ್ತು ತನ್ನ ಗುಣವನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು.

ಜೋಳದಲ್ಲಿ ಗ್ಲುಟೆನ್ ಇಲ್ಲ. ಅದಕ್ಕಾಗಿಯೇ ತಾಯಂದಿರು ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುತ್ತಾರೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟದ ಒಂದು ಭಾಗ ಬೆಂದು ಅಂಟಾಗಿ ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಆ ಹಿಡಿತ ಬಹಳ ಹೊತ್ತು ಬಾಳುವುದಿಲ್ಲ. ಹಿಟ್ಟು ಆರಿದರೆ ರೊಟ್ಟಿಯ ಅಂಚು ಬಿರಿಯುತ್ತದೆ. ಬಡಿಯುವ ಕೈಯು ಪ್ರತಿ ಕ್ಷಣವೂ ಹಿಟ್ಟಿನ ಹದವನ್ನು ತಿಳಿದು ತನ್ನ ಬಲವನ್ನು ಬದಲಿಸಿಕೊಳ್ಳುತ್ತದೆ. ಹಂಚಿನ ಮೇಲೆ ಹಾಕಿದೊಡನೆ ನೀರು ಸವರುವುದು, ಸರಿಯಾದ ಗಳಿಗೆಯಲ್ಲಿ ಮಗುಚುವುದು, ರೊಟ್ಟಿ ಉಬ್ಬುವಂತೆ ನೋಡಿಕೊಳ್ಳುವುದು - ಇವೆಲ್ಲ ಅನುಭವದ ವಿದ್ಯೆ. ಈ ವಿದ್ಯೆಯನ್ನು ಉರುಳೆ ಮತ್ತು ಗಾಲಿಗಳಿಗೆ ಕಲಿಸುವುದು ಕಠಿಣ. ಇತ್ತೀಚಿನ ವರ್ಷಗಳಲ್ಲಿ ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ರೊಟ್ಟಿ ಯಂತ್ರಗಳು ಬಂದಿವೆ. ಮಹಿಳೆಯರು ಅವುಗಳಿಂದ ಖಡಕ್ ರೊಟ್ಟಿ ಮಾಡಿ ಮಾರಿ ಜೀವನ ಸಾಗಿಸುತ್ತಿದ್ದಾರೆ. ಆದರೂ ಎಸರಿನ ಹದ ನೋಡುವ ಕೆಲಸ ಇನ್ನೂ ಅನುಭವಿಯಾದ ಕೈಯನ್ನೇ ನೆಚ್ಚಿಕೊಂಡಿದೆ. ಯಂತ್ರವು ಆಕೆಯ ತೋಳಿನ ನೋವನ್ನು ಕಡಿಮೆ ಮಾಡಿತು; ಆಕೆಯ ತಿಳಿವಳಿಕೆಯನ್ನು ಅನಾವಶ್ಯಕವಾಗಿಸಲಿಲ್ಲ.

ಕಾಲಮಿತಿಯನ್ನು ಗೆದ್ದದ್ದು ಯಾವುದು?

ಈಗ ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ನ್ಯಾಯಾಲಯದ ಆದೇಶ ಬಂದಾಗ ರಾಜ್ಯವು ಮಹಾಯಂತ್ರಗಳ ನಿರ್ಮಾಣಕ್ಕೆ ಕೈಹಾಕಿ, ಅವು ಸಿದ್ಧವಾಗುವವರೆಗೆ ಮಕ್ಕಳು ಕಾಯಲಿ ಎಂದಿದ್ದರೆ ಊಟ ಇನ್ನೂ ಎಷ್ಟು ವರ್ಷ ತಡವಾಗುತ್ತಿತ್ತೋ ಹೇಳಲಾಗದು. ಯೋಜನೆಯನ್ನು ನಡೆಸಿದ್ದು ಬಹುಮಟ್ಟಿಗೆ ಸಾಮಾನ್ಯ ಒಲೆ, ಸಾಮಾನ್ಯ ಪಾತ್ರೆ, ಅಡುಗೆ ಬಲ್ಲ ಮಹಿಳೆಯರ ಕೈಗಳು. ಮೊದಲು 7 ಜಿಲ್ಲೆ, ಬಳಿಕ 20. ಮೊದಲು 5ನೆಯ ತರಗತಿಯವರೆಗೆ, 2004ರಲ್ಲಿ 7ನೆಯ ತರಗತಿಯವರೆಗೆ, 2007ರಲ್ಲಿ 10ನೆಯ ತರಗತಿಯವರೆಗೆ - ಹೀಗೆ ಅದು ಮೆಟ್ಟಿಲು ಮೆಟ್ಟಿಲಾಗಿ ಏರಿತು. ಇತ್ತ ಮಹಾಯಂತ್ರವೂ ಒಮ್ಮೆಲೇ ಹುಟ್ಟಲಿಲ್ಲ. ಅಕ್ಷಯ ಪಾತ್ರ ಸಂಸ್ಥೆಯು 2000ದಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಉಣಿಸಲು ತೊಡಗಿ, ಆ ಅನುಭವದ ಬಲದಿಂದಲೇ ಹುಬ್ಬಳ್ಳಿಯ ದೊಡ್ಡ ಪಾಕಶಾಲೆಯವರೆಗೆ ಬೆಳೆಯಿತು. ಕೇಂದ್ರದ ಯೋಜನೆಗೆ 2021ರಲ್ಲಿ ‘ಪಿ.ಎಂ. ಪೋಷಣ್’ ಎಂಬ ಹೊಸ ಹೆಸರು ಬಂದಿತು; ತಟ್ಟೆ ಮಾತ್ರ ಅದೇ ಇದೆ.

ಇದರಿಂದ ಕಲಿಯಬೇಕಾದದ್ದು ಇಷ್ಟು. ಕಾಲಮಿತಿ ಬಿಗಿಯಾಗಿದ್ದಾಗ ಕಾರ್ಯದ ವಿಸ್ತಾರವನ್ನು ಕಡಿಮೆ ಮಾಡಿಕೊಳ್ಳಬಹುದು, ಯಂತ್ರದ ಸೊಗಸನ್ನು ಮುಂದೂಡಬಹುದು. ಸುರಕ್ಷತೆಯನ್ನು ಮಾತ್ರ ಮುಂದೂಡಲಾಗದು. ತಿಳಿದ ಉಪಕರಣದಿಂದ ಇಂದು ಆರಂಭಿಸಿ, ತಿಳಿಯದ ಯಂತ್ರವನ್ನು ನಿಧಾನವಾಗಿ ಪರೀಕ್ಷಿಸುತ್ತ ನಾಳೆಗೆ ಬೆಳೆಸುವುದೇ ವಿವೇಕದ ಮಾರ್ಗ.

ಕಣಗಿನಹಾಳದ ರೈತರು 1905ರಲ್ಲಿ ಮಾಡಿದ್ದೂ ಇದನ್ನೇ. ಅವರು ಮೊದಲ ದಿನವೇ ದೊಡ್ಡ ಬ್ಯಾಂಕನ್ನು ಕಟ್ಟಹೊರಡಲಿಲ್ಲ. ಒಂದು ಊರಿನ ಜನ ಪರಸ್ಪರ ನಂಬಿಕೆಯಿಂದ ಒಂದು ಸಣ್ಣ ಸಂಘವನ್ನು ಕಟ್ಟಿದರು. ರೊಟ್ಟಿಯ ಯಂತ್ರವನ್ನು ಕೊಳ್ಳಲು ಒಬ್ಬ ಬಡ ಮಹಿಳೆಗೆ ಶಕ್ತಿ ಸಾಲದಿರಬಹುದು. ಹತ್ತು ಜನರ ಸಂಘಕ್ಕೆ ಸಾಲುತ್ತದೆ. ಯಂತ್ರವಿದ್ಯೆಯನ್ನು ಕಲಿತ ಈ ನಾಡಿನ ವಿದ್ಯಾರ್ಥಿಯೊಬ್ಬನು ಅಥವಾ ವಿದ್ಯಾರ್ಥಿನಿಯೊಬ್ಬಳು ಮುಂದೊಂದು ದಿನ ಜೋಳದ ಹಿಟ್ಟಿನ ಹದವನ್ನರಿತ ಯಂತ್ರವನ್ನು ರೂಪಿಸಿದರೆ, ಶಾಲೆಯ ತಟ್ಟೆಗೆ ಈ ನೆಲದ ರೊಟ್ಟಿಯೂ ಬಿಸಿಯಾಗಿ ಬಂದೀತು. ಆ ಕಾರ್ಯಕ್ಕೆ ಬೇಕಾದ ಮೊದಲ ಪಾಠಶಾಲೆ ಮನೆಯ ಒಲೆಯ ಮುಂದೆಯೇ ಇದೆ. ಕಾಯಕದಲ್ಲಿ ನಿಷ್ಠೆ, ದಾಸೋಹದಲ್ಲಿ ಪ್ರೀತಿ ಇದ್ದವರಿಗೆ ಅಲ್ಲಿ ಕಲಿಯುವುದು ಬಹಳಷ್ಟಿದೆ.

ಅಭ್ಯಾಸ

1. ಪಾತ್ರೆಯ ಎಲ್ಲ ಅಳತೆಗಳನ್ನು ಮೂರು ಪಟ್ಟು ಹೆಚ್ಚಿಸಿದರೆ ಅದರ ಘನಫಲ ಮತ್ತು ಮೇಲ್ಮೈ ಎಷ್ಟೆಷ್ಟು ಪಟ್ಟು ಹೆಚ್ಚುತ್ತವೆ?
2. 6ರಿಂದ 8ನೆಯ ತರಗತಿಯ ಮಕ್ಕಳಿಗೆ ತಲಾ 150 ಗ್ರಾಂ ಧಾನ್ಯ ಬೇಕು. ಇಂಥ 240 ಮಕ್ಕಳಿರುವ ಶಾಲೆಗೆ ಒಂದು ದಿನಕ್ಕೆ ಬೇಕಾದ ಅಕ್ಕಿ ಎಷ್ಟು? ಅದನ್ನು ಬೇಯಿಸಲು ಸುಮಾರು ಎಷ್ಟು ಕಿಲೋ ಉಗಿ ಬೇಕು?
3. ಬಾಯ್ಲರನ್ನು ಉಗಿಯ ಬದಲು ತಣ್ಣೀರಿನ ಒತ್ತಡದಿಂದ ಪರೀಕ್ಷಿಸುವುದೇಕೆ?
4. ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಗಮನಿಸಿ, ಎಸರು ಹಾಕಿದ ಹೊತ್ತಿನಿಂದ ರೊಟ್ಟಿ ಹಂಚಿನಿಂದ ಇಳಿಯುವವರೆಗಿನ ಹಂತಗಳನ್ನು ವೇಳೆಯ ಸಹಿತ ಬರೆಯಿರಿ. ಇವುಗಳಲ್ಲಿ ಯಾವ ಹಂತವನ್ನು ಯಂತ್ರಕ್ಕೆ ಒಪ್ಪಿಸುವುದು ಸುಲಭ, ಯಾವುದು ಕಠಿಣ? ಕಾರಣ ಕೊಡಿರಿ.